ಮತ್ಸು ಮನೆಯ ತಾಯಿ

ತೊಚಿದಾನಿ
ಏಪ್ರಿಲ್ 3, 2014

ಬನ್ನಿ, ಬನ್ನಿ, ಮಹಾಜನಗಳೇ. ಗಾಲಿಕುರ್ಚಿಯವರು ಮುಂದಿನ ಸಾಲಿಗೆ, ಕಿವಿ ಮಂದವಾದವರು ಅದಕ್ಕೂ ಮುಂದಕ್ಕೆ, ಊಟ ಮುಗಿಸಿ ತೂಕಡಿಸುವವರು ಗೋಡೆಗೊರಗಿ ಕೂತುಕೊಳ್ಳಿ. ನಗೋಯಾದ ನಿಮ್ಮ ವೃದ್ಧರ ನಿವಾಸದಲ್ಲಿ ನನ್ನ ಪತ್ರಗಳನ್ನು ಊಟದ ಕೋಣೆಯಲ್ಲಿ ಗಟ್ಟಿಯಾಗಿ ಓದಿಸುತ್ತಾರೆಂದು ನನ್ನ ಅಕ್ಕ ಕಿನು ಬರೆದಿದ್ದಾಳೆ. ಅದನ್ನು ತಿಳಿದು ನನ್ನ ಎದೆ ಒಂದು ಗೇಣು ಉಬ್ಬಿತು. ತಂಡ ಮುರಿದು ಹೋದ ಎಪ್ಪತ್ತಮೂರರ ನಟನಿಗೆ ಮತ್ತೆ ಪ್ರೇಕ್ಷಕರು ಸಿಗುವುದೆಂದರೆ ಸಾಮಾನ್ಯವೇ? ಪತ್ರ ಓದುವ ದಾದಿ ಮಗಳೇ, ಹೊನಾಮಿ, ಗಂಟಲು ಸರಿಮಾಡಿಕೋ. ಔಷಧಿ ಚೀಟಿ ಓದಿದ ಹಾಗೆ ಓದಬೇಡ.

ನಾನು ಸೆಯ್ಜಿರೊ. ತೊಚಿದಾನಿ ಹಳ್ಳಿಯ ರಂಗದ ಮೇಲೆ ರಾಣಿಯಾಗಿ ಅತ್ತವನು, ಕಳ್ಳನಾಗಿ ಓಡಿದವನು, ಸೇನಾಪತಿಯಾಗಿ ಹೊಟ್ಟೆ ಸೀಳಿಕೊಂಡು ಸತ್ತು, ತೆರೆಯ ಹಿಂದೆ ಎದ್ದು ಬಿಸಿ ಶಾವಿಗೆ ಉಂಡವನು. ಈಗ ಹೊಸ ಪಾತ್ರ ಕೈಗೆತ್ತಿಕೊಂಡಿದ್ದೇನೆ. ಕೇಳಿ.

ನಮ್ಮ ಕಣಿವೆಯ ಸುತ್ತ ಕರುಣೆಯ ದೇವಿ ಕನ್ನೊನ್ ತಾಯಿಯ ಮೂವತ್ತಮೂರು ಗುಡಿಗಳಿದ್ದವು. ಬಿಳಿ ಅಂಗಿ ತೊಟ್ಟು, ಗೆಜ್ಜೆ ಕಟ್ಟಿದ ಕೋಲು ಹಿಡಿದು, ಒಂದೊಂದು ಗುಡಿಯ ಮುಂದೆ ಅದರದೇ ಹಾಡು ಹೇಳುತ್ತ ನಮ್ಮ ಹೆಂಗಸರು ಸುತ್ತು ಬರುತ್ತಿದ್ದರು. ಆ ಹೆಂಗಸರೂ ಹೋದರು, ಗುಡಿಗಳೂ ಹೋದವು. ಒಂದು ಬಿದಿರುಮೆಳೆಯೊಳಗೆ ಕುಸಿದು ಕೂತಿತ್ತು. ಒಂದರಲ್ಲಿ ಯಾರೋ ಕಳೆ ಕತ್ತರಿಸುವ ಯಂತ್ರ ಇಟ್ಟು ಬೀಗ ಹಾಕಿದ್ದರು. ಹೊಳೆಯಾಚೆಯ ಇಪ್ಪತ್ತೊಂದನೆಯ ಗುಡಿಯಲ್ಲಿ ಮಾತ್ರ ತಾಯಿಯ ವಿಗ್ರಹಗಳು ಎರಡು, ಅಕ್ಕಪಕ್ಕ, ಸಂತೆಗೆ ಹೊರಟ ಓರಗಿತ್ತಿಯರ ಹಾಗೆ. ದೊಡ್ಡ ಗುಡಿಯ ಎಕಾನ್ ಗುರುಗಳೂ ನಾನೂ ಮೂರು ವರ್ಷ ಅಲೆದು ಒಂದೊಂದನ್ನೇ ಹುಡುಕಿ ಎತ್ತಿ ನಿಲ್ಲಿಸಿದೆವು. ಬರುವ ಅಕ್ಟೋಬರಿನಲ್ಲಿ, ತಾಯಿಯ ದಿನವಾದ ಹದಿನೆಂಟಕ್ಕೆ, ಎಲ್ಲ ಗುಡಿಗಳ ಬಾಗಿಲು ತೆರೆಯುತ್ತೇವೆ. ಮೂವತ್ತಮೂರು ವರ್ಷಕ್ಕೊಮ್ಮೆ ಬರುವ ದಿನ ಅದು. ಇನ್ನೊಂದನ್ನು ನೋಡಲು ನಾನಿರುವುದಿಲ್ಲ.

ಆದರೆ ಇಪ್ಪತ್ತೆರಡನೆಯ ಗುಡಿ ಸಿಕ್ಕಿಲ್ಲ. ಅದು ನಮ್ಮ ಊರಿನದೇ. ಅದಿಲ್ಲದ ಸುತ್ತು ಮೂಗಿಲ್ಲದ ಮುಖವಾಡ. ಅಮ್ಮ ಉಳಿದ ಮೂವತ್ತೆರಡು ಗುಡಿಗಳನ್ನೂ ಎಷ್ಟೋ ಸಲ ಸುತ್ತಿದಳು. ಈ ಒಂದು ಇಲ್ಲದೆ ಅವಳ ಸುತ್ತು ಮುಗಿಯದೆಯೇ ಕಣ್ಣು ಮುಚ್ಚಿದಳು. ಆ ಗುಡಿ ಇದ್ದ ಜಾಗದಲ್ಲಿ ಅಮ್ಮನ ಹೆಸರು ಹೇಳಿ ಕೈಮುಗಿದರೆ ನನ್ನ ಜನ್ಮದ ಕೊನೆಯ ಪಾತ್ರ ಮುಗಿಯುತ್ತದೆ.

ಊರಿನಲ್ಲಿ ಹಳಬಳೆಂದರೆ ತೊಮೆ ಅಜ್ಜಿ ಒಬ್ಬಳೇ. ತೊಂಬತ್ತು ದಾಟಿದೆ, ಹಲ್ಲಿಲ್ಲ, ನಾಲಿಗೆ ಇದೆ. ಮೂಲಂಗಿ ಉಪ್ಪಿನಕಾಯಿ ಕೊಟ್ಟು ಕೇಳಿದೆ.

"ಅಜ್ಜಿ, ಇಪ್ಪತ್ತೆರಡನೇ ಗುಡಿ ಎಲ್ಲಿತ್ತು?"

"ಗುಡ್ಡ ಕುಸಿದು ಹೋಯ್ತು ಅಂತ ನಿಮ್ಮಪ್ಪ ಹೇಳಿದ್ನಲ್ಲ."

"ನೀವು ಕಣ್ಣಾರೆ ನೋಡಿದ್ರಾ?"

"ನಿಮ್ಮಪ್ಪ ಹೇಳಿದ್ಮೇಲೆ ನೋಡೋದೇನಿದೆ? ಊರಿನ ಯಜಮಾನ ಅವನು. ಹೋಗು, ನಿಮ್ಮಕ್ಕನ್ನ ಕೇಳು. ಅವಳಿಗೆ ಹಾಡು ಬರುತ್ತೆ. ನಿನಗೆ ಬರೀ ಡೈಲಾಗು."

ಅಕ್ಕಾ, ಆ ಗುಡಿಯ ಹಾಡನ್ನು ಬರೆದು ಕಳಿಸು. ಅದರೊಳಗೆ ಜಾಗದ ಗುರುತು ಇದ್ದೇ ಇರುತ್ತದೆ. ಅಮ್ಮನಿಗೋಸ್ಕರ ಕೇಳುತ್ತಿದ್ದೇನೆ. ಸಭಿಕರೇ, ನಮ್ಮಮ್ಮನ ಬಗ್ಗೆ ಒಂದು ಮಾತು. ನನ್ನ ಒಂದು ನಾಟಕವನ್ನೂ ಅವಳು ತಪ್ಪಿಸಲಿಲ್ಲ. ಚಾಪೆಯ ಮೇಲೆ ಕೂರುತ್ತಿರಲಿಲ್ಲ, ಬಯಲಿನ ಕೊನೆಯಲ್ಲಿ ಎರಡೂ ಕೈ ಮುಗಿದು ನಿಂತಿರುತ್ತಿದ್ದಳು. ತುಟಿ ಅಲ್ಲಾಡುತ್ತಿತ್ತು. ನನ್ನ ಮಾತುಗಳೆಲ್ಲ ಅವಳಿಗೆ ಬಾಯಿಪಾಠ. ಹೆತ್ತ ತಾಯಿಯಿಂದಲೇ ನಮಸ್ಕಾರ ಪಡೆದ ನಟ ಈ ದೇಶದಲ್ಲಿ ಇನ್ನೊಬ್ಬನಿದ್ದರೆ ಕೈ ಎತ್ತಲಿ.

ನಿನ್ನ ತಮ್ಮ,
ಸೆಯ್ಜಿರೊ

*

ನಗೋಯಾ
ಏಪ್ರಿಲ್ 19, 2014

ಸೆಯ್ಜಿರೊಗೆ,

ನಿನ್ನ ಪತ್ರ ಓದಿಸಿದರು. ಕುರಾತಾ ಅಜ್ಜ ನಕ್ಕು ನಕ್ಕು, ಅವರ ಕಟ್ಟಿಸಿದ ಹಲ್ಲು ಸಾರಿನ ಬಟ್ಟಲಿಗೆ ಬಿತ್ತು. ಹೊನಾಮಿ ಕೈ ಹಾಕಿ ತೆಗೆದಳು. "ಕಿನು ಅಜ್ಜಿ, ನಿಮ್ಮ ತಮ್ಮ ತುಂಬಾ ತಮಾಷೆ" ಅಂದಳು. ಹೌದು, ಚಿಕ್ಕಂದಿನಿಂದ ಹಾಗೇ ಅಂದೆ.

ಇಲ್ಲಿ ಎಲ್ಲ ಕ್ರಮವಾಗಿದೆ. ಸ್ನಾನ ವಾರಕ್ಕೆರಡು ಸಲ. ಕಿಟಕಿಯಿಂದ ಇನ್ನೊಂದು ಕಟ್ಟಡದ ಕಿಟಕಿ ಕಾಣುತ್ತದೆ.

ನೀನು ಕೇಳಿದ ಹಾಡು. ನಾನು ಓದಿ ಕಲಿತದ್ದಲ್ಲ. ಅಮ್ಮನ ಬೆನ್ನ ಹಿಂದೆ ಕೂತು ಕಿವಿಯಲ್ಲಿ ಕಲಿತದ್ದು. ಆದ್ದರಿಂದ ಅರ್ಥ ತೋರಿಸುವ ಚೀನೀ ಅಕ್ಷರ ಗೊತ್ತಿಲ್ಲ, ಕೇಳಿದ ಉಚ್ಚಾರವನ್ನೇ ಬರೆಯುತ್ತೇನೆ.

ದಾರಿ ಬಂದು ನಿಲ್ಲುವಲ್ಲಿ
ಮತ್ಸು ಮನೆಯ ತಾಯಿ,
ಹೋದವರ ಹೆಸರ ಹಿಡಿದು
ಬಾಗಿಲ ಮುಚ್ಚಳು ತಾಯಿ.

ಇಷ್ಟೇ. ಧಾಟಿಯನ್ನು ಕಾಗದದಲ್ಲಿ ಕಳಿಸಲಾಗುವುದಿಲ್ಲ.

ಅಮ್ಮ ಕೈಮುಗಿದು ನಿಂತಿರುತ್ತಿದ್ದದ್ದು ನಿಜ. ನಾನು ಪಕ್ಕದಲ್ಲೇ ಇರುತ್ತಿದ್ದೆ. ನೀನು ನನ್ನನ್ನು ನೋಡಿರಲಾರೆ. ದೀಪ ನಿನ್ನ ಮೇಲಿತ್ತು.

ಕಿನು

*

ತೊಚಿದಾನಿ
ಜೂನ್ 8, 2014

ತಾಳ ಬಡಿಯಿರಿ, ತೆರೆ ಸರಿಸಿರಿ. ಇಪ್ಪತ್ತೆರಡನೆಯ ಗುಡಿ ಸಿಕ್ಕಿತು, ಮಹಾಜನಗಳೇ.

ಅಕ್ಕಾ, ನೀನು ಕಳಿಸಿದ ನಾಲ್ಕು ಸಾಲು ಬರೀ ಹಾಡಲ್ಲ, ಬೀಗದ ಕೈ. "ದಾರಿ ಬಂದು ನಿಲ್ಲುವಲ್ಲಿ ಮತ್ಸು ಮನೆ." ಮತ್ಸು ಎಂದರೆ ಪೈನ್ ಮರ. ದಾರಿ ನಿಲ್ಲುವ ಕಡೆ ಪೈನ್ ಮರ ಎಲ್ಲಿದೆ? ಮೂರು ವಾರ ಗುಡ್ಡ ಹತ್ತಿದೆ. ಹಳೆಯ ಕಟ್ಟಿಗೆ ದಾರಿಗಳೆಲ್ಲವನ್ನೂ ಕೊನೆಮುಟ್ಟ ನಡೆದೆ. ಜಿಗಣೆಗಳು ನನ್ನ ಕಾಲಲ್ಲಿ ಹಬ್ಬ ಮಾಡಿದವು. ಕರಡಿ ಹೆದರಲೆಂದು ಸೊಂಟಕ್ಕೆ ಗಂಟೆ ಕಟ್ಟಿ, ಸೇನಾಪತಿಯ ಮಾತುಗಳನ್ನು ಗಟ್ಟಿಯಾಗಿ ಒದರುತ್ತ ಹೋದೆ. ಕರಡಿಗಳು ಅಂಕ ಮುಗಿಯುವ ಮೊದಲೇ ಎದ್ದು ಹೋದವು.

ಕೊನೆಗೆ ಬಡಗಣ ಗುಡ್ಡದ ಏಣಿನಲ್ಲಿ ಕಂಡೆ. ದಾರಿ ನಿಂತಿತ್ತು. ಮುಂದೆ ಒಂದು ಪೈನ್ ಮರ, ಇಬ್ಬರು ತಬ್ಬಿದರೂ ಕೈ ಕೂಡದಷ್ಟು ದಪ್ಪ. ಅದರ ಬುಡದಲ್ಲಿ ಪಾಚಿಯಡಿ ಕಲ್ಲುಗಳ ಸಾಲು. ಅಡಿಪಾಯ. ನಾನು ಅಲ್ಲೇ ಮಂಡಿಯೂರಿ ಅತ್ತೆ. ಒಬ್ಬನೇ ಇದ್ದೆ, ಅಭಿನಯವಲ್ಲ.

ಎಕಾನ್ ಗುರುಗಳನ್ನು ಕರೆದೊಯ್ದೆ. ಅವರು ಚಿಕ್ಕ ವಯಸ್ಸಿನವರು, ಪಟ್ಟಣದಲ್ಲಿ ಓದಿದವರು, ಏರು ಹತ್ತಿ ಏದುಸಿರು ಬಿಡುತ್ತಿದ್ದರು. "ಖಚಿತಾನಾ ಅಜ್ಜ?" ಎಂದರು. "ಹಾಡಲ್ಲೇ ಇದೆಯಲ್ಲ ಗುರುಗಳೇ" ಎಂದೆ. "ಹಾಗಿದ್ರೆ ಸರಿ. ಭಿತ್ತಿಪತ್ರ ಅಚ್ಚಿಗೆ ಹೋಗೋದಕ್ಕೆ ಇದೊಂದೇ ಬಾಕಿ ಇತ್ತು" ಎಂದು ಅಲ್ಲೇ ಮಂತ್ರ ಹೇಳಿದರು. ಸಂಖ್ಯೆ ಬರೆದ ಕಂಬ ನೆಟ್ಟೆವು. ಅದರ ಹಿಂದೆ ಚಿಕ್ಕದೊಂದು ಹೊಸ ಗುಡಿ ಕಟ್ಟಿಸುತ್ತೇವೆ.

ತೊಮೆ ಅಜ್ಜಿಗೆ ಸುದ್ದಿ ಹೇಳಿದೆ.

"ಬಡಗಣ ಏಣಿನಲ್ಲಾ? ಅದು ಇದ್ದಿಲು ಸುಡೋ ಗೂಡು ಕಣೋ. ನಮ್ಮ ಯಜಮಾನ್ರು ಸುಡ್ತಿದ್ರು."

"ನಿಮ್ಮ ಯಜಮಾನ್ರು ಗುಡಿ ಹೋದ ಮೇಲೆ ಅದೇ ಕಲ್ಲಿನ ಮೇಲೆ ಗೂಡು ಹಾಕಿರಬೇಕು ಅಜ್ಜಿ."

"ಇರಬೇಕು, ಇರಬೇಕು. ನೀನು ಹೇಳಿದ್ಮೇಲೆ ನೋಡೋದೇನಿದೆ? ಥೇಟು ನಿಮ್ಮಪ್ಪನೇ" ಎಂದಳು.

ಅಪ್ಪನಿಗೆ ಹೋಲಿಸಿದಳಲ್ಲ ಎಂದು ನನಗೆ ಹೆಮ್ಮೆಯಾಯಿತು. ಅಕ್ಕಾ, ಒಂದು ಶಹಬಾಸ್ ಬರೆ. ಈ ಗುಡಿಯಲ್ಲಿ ಅರ್ಧ ನಿನ್ನದು.

ಸೆಯ್ಜಿರೊ

*

ನಗೋಯಾ
ಜೂನ್ 30, 2014

ಸೆಯ್ಜಿರೊಗೆ,

ಮರ ಸಿಕ್ಕಿದ್ದು ಒಳ್ಳೆಯದಾಯಿತು. ಈ ವಯಸ್ಸಿನಲ್ಲಿ ಗುಡ್ಡ ಹತ್ತುವಾಗ ಎಚ್ಚರ.

ಗುಡಿಯ ವಿಷಯದಲ್ಲಿ ನಾನೇನು ಹೇಳಲಿ. ಗುರುಗಳು ಮಂತ್ರ ಹೇಳಿ ಆಯಿತಲ್ಲ. ಹೆಂಗಸರನ್ನು ಕೇಳಿ ನಮ್ಮೂರಿನಲ್ಲಿ ಯಾವ ಕಂಬ ನೆಟ್ಟರು?

ಒಂದು ಕೇಳುವುದಿತ್ತು. ಅಕ್ಟೋಬರಿನಲ್ಲಿ ನೀವು ನಾಟಕ ಆಡುತ್ತೀರಾ? ಆಡದಿದ್ದರೂ ಚಿಂತೆಯಿಲ್ಲ. ರಂಗದ ಮುಂದಿನ ಬಯಲಿಗೆ ಒಂದು ಸಲ ಬರಬೇಕು ಅನ್ನಿಸಿದೆ. ನನ್ನ ಮೊಣಕಾಲು ಬೀಗಿದೆ, ಒಬ್ಬಳೇ ಬರಲಾರೆ. ಯಾರನ್ನಾದರೂ ಕಳಿಸಿದರೆ ಗಾಲಿಕುರ್ಚಿಯಲ್ಲಿ ಬರುತ್ತೇನೆ. ಪೈನ್ ಮರದ ತನಕ ಬೇಡ. ಬಯಲಿನ ಕೊನೆಯಲ್ಲಿ ಅರ್ಧ ಗಂಟೆ ನಿಲ್ಲಿಸಿದರೆ ಸಾಕು.

ಈ ಪತ್ರವನ್ನು ತಡಮಾಡದೆ ಓದು.

ಕಿನು

*

ತೊಚಿದಾನಿ
ಆಗಸ್ಟ್ 15, 2014

ಮಹಾಜನಗಳೇ, ಇಂದಿನ ಅಂಕ ಶೋಕದ್ದು. ಕರವಸ್ತ್ರ ತೆಗೆದಿಟ್ಟುಕೊಳ್ಳಿ.

ಸತ್ತವರು ಮನೆಗೆ ಬಂದು ಹೋಗುವ ಈ ಮೂರು ದಿನ ಅಮ್ಮ-ಅಪ್ಪನ ಪಟಗಳ ಮುಂದೆ ದೀಪ ಹಚ್ಚಿಟ್ಟು, ಅವರ ಸವಾರಿಗೆಂದು ಸೌತೆಕಾಯಿ ಕುದುರೆ, ಬದನೆಕಾಯಿ ಹಸು ಮಾಡಿ ನಿಲ್ಲಿಸಿ ಈ ಪತ್ರ ಬರೆಯುತ್ತಿದ್ದೇನೆ. ಉತ್ತರ ತಡವಾಯಿತು, ಅಕ್ಕಾ. ಕಾರಣ ಕೇಳಿದರೆ ನೀನು ಕ್ಷಮಿಸುತ್ತೀಯೆ.

ಹದಿನೆಂಟರಂದು ಪಟ್ಟಣಗಳಿಂದ ಬಸ್ಸುಗಳು ಬರುತ್ತವೆ. ದೊಡ್ಡ ಬಸ್ಸು ತಿರುಗುವಷ್ಟು ಸಮತಟ್ಟು ಜಾಗ ನಮ್ಮೂರಿನಲ್ಲಿ ಒಂದೇ. ನಮ್ಮ ರಂಗ, ಅದರ ಮುಂದಿನ ಬಯಲು. ಸಭೆ ಸೇರಿತು. ಗುತ್ತಿಗೆದಾರ ಉಸುಯಿ ನೆಲ ನೋಡುತ್ತ ಹೇಳಿದ:

"ಸೆಯ್ಜಿರೊ ಅಣ್ಣ, ಬಯಲು ಒಂದೇ ಸಾಲದು. ಬಸ್ಸು ತಿರುಗಬೇಕಂದ್ರೆ ರಂಗ ತೆಗೀಬೇಕು. ಹೇಗೂ ಛಾವಣಿ ಸೋರ್ತಿದೆ, ಪಕ್ಕದ ಗೋಡೆ ವಾಲಿದೆ. ಯಾರಾದ್ರೂ ಹತ್ತಿ ಬಿದ್ರೆ ಯಾರು ಜವಾಬ್ದಾರಿ? ಆದ್ರೆ ನೀವು ಬೇಡ ಅಂದ್ರೆ ನಾನು ಕೈ ಹಾಕಲ್ಲ."

ಎಲ್ಲರೂ ನನ್ನ ಮುಖ ನೋಡಿದರು. ಆರನೆಯ ವಯಸ್ಸಿಗೆ ಬಣ್ಣ ಹಚ್ಚಿಕೊಂಡು ಹತ್ತಿದ ರಂಗ ಅದು. ನಾನು ಎದ್ದು ನಿಂತೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆ ಮೌನವನ್ನು ಎಷ್ಟು ಹೊತ್ತು ಹಿಡಿಯಬೇಕೆಂದು ನನಗೆ ಗೊತ್ತಿದೆ. ಆಮೇಲೆ ಹೇಳಿದೆ, "ನನ್ನ ರಂಗವನ್ನು ಕನ್ನೊನ್ ತಾಯಿಗೆ ಒಪ್ಪಿಸಿದ್ದೇನೆ. ತೆಗೆಯಿರಿ." ಹಿಂದಿನ ಸಾಲಿನಲ್ಲಿ ಯಾರೋ ಮೂಗೊರೆಸಿಕೊಂಡರು.

ಆದ್ದರಿಂದ ನಾಟಕವಿಲ್ಲ, ಅಕ್ಕಾ. ನನ್ನ ಆಟವನ್ನು ಕೊನೆಯ ಸಲ ನೋಡಬೇಕೆಂದು ನೀನು ಆಸೆಪಟ್ಟದ್ದು ನನಗೆ ತಿಳಿಯದೆ ಇಲ್ಲ. ನೇರವಾಗಿ ಹೇಳಲು ಬಿಗುಮಾನ, ಅದಕ್ಕೇ ಬಯಲು ಅಂದೆ. ಬದಲಿಗೆ ನಿನ್ನನ್ನು ಪೈನ್ ಮರದ ಬುಡಕ್ಕೆ ಹೊತ್ತೊಯ್ಯಲು ಉಸುಯಿಯ ಹುಡುಗರನ್ನು ಒಪ್ಪಿಸಿದ್ದೇನೆ. ಅಲ್ಲಿ ನಾನು ಭಾಷಣ ಮಾಡುತ್ತೇನೆ. ಟೀವಿಯವರು ಬರುತ್ತಾರಂತೆ.

ಸೆಪ್ಟೆಂಬರ್ ಹತ್ತರ ನಂತರ ಕೆಡವಲು ಶುರು. ನಿನ್ನ ಮನಸ್ಸಿನಲ್ಲಿ ಏನಿದ್ದರೂ ಬರೆ.

ಸೆಯ್ಜಿರೊ

*

ತೊಚಿದಾನಿ
ಸೆಪ್ಟೆಂಬರ್ 22, 2014
(ಅಂಚೆ ಕಾರ್ಡು)

ಅಕ್ಕಾ, ಯಾಕೆ ಉತ್ತರವಿಲ್ಲ? ಆರೋಗ್ಯವೇ? ರಂಗ ನೆಲಕ್ಕೆ ಬಂತು. ನಾನು ಹಬ್ಬದ ಕರಿಯ ನಿಲುವಂಗಿ ತೊಟ್ಟು ನಿಂತು ನೋಡಿದೆ. ಛಾವಣಿ ತೆಗೆದಾಗ ಉಸುಯಿ ಮೇಲಿಂದ ಕೂಗಿದ, "ಅಣ್ಣ, ತೊಲೆಗಳ ತುಂಬ ಹೆಸರುಗಳಿವೆ. ಕಾಗದ ಉದುರಿದೆ, ಮಸಿ ಮಾತ್ರ ಮರದಲ್ಲಿ ನಿಂತಿದೆ." ಹಿಂದಿನವರು ನೆಚ್ಚಿನ ನಟನಿಗೆ ಹೆಸರಿನ ಚೀಟಿ ಅಂಟಿಸುತ್ತಿದ್ದರಲ್ಲ. "ಅವರೆಲ್ಲ ನನ್ನ ಅಭಿಮಾನಿಗಳು ಕಣೋ, ನಿಧಾನವಾಗಿ ಇಳಿಸು" ಎಂದೆ. ಎಲ್ಲರೂ ನಕ್ಕರು. ನಾನೂ ನಕ್ಕೆ. ಜಾಗ ಈಗ ಬೋಳು. ಜಲ್ಲಿ ಹಾಕಿದ್ದಾರೆ. ಬರೆ.

ಸೆಯ್ಜಿರೊ

*

ನಗೋಯಾ
ಅಕ್ಟೋಬರ್ 1, 2014

ಸೆಯ್ಜಿರೊಗೆ,

ಇದನ್ನು ನಾನೇ ಬರೆಯುತ್ತಿದ್ದೇನೆ, ಅಕ್ಷರ ನಡುಗಿದ್ದರೆ ಅದಕ್ಕೆ. ಹೊನಾಮಿಗೆ ಹೇಳಿ ಬರೆಸಲಿಲ್ಲ. ನಿನ್ನ ಕಾರ್ಡನ್ನು ಊಟದ ಕೋಣೆಯಲ್ಲಿ ಓದಲು ಬಿಡಲಿಲ್ಲ.

ನನ್ನ ಆರೋಗ್ಯ ಚೆನ್ನಾಗಿದೆ. ನಿನ್ನ ಆಗಸ್ಟಿನ ಪತ್ರ ಸಮಯಕ್ಕೆ ಸರಿಯಾಗಿ ತಲುಪಿತು.

ಮತ್ಸು ಎಂದರೆ ಪೈನ್ ಮರ ಒಂದೇನಾ? ಕಾಯುವುದೂ ಮತ್ಸುವೇ ಅಲ್ಲವೇನೋ. ನಾನು ಉಚ್ಚಾರ ಬರೆದೆ, ಮರ ನೀನು ನೆಟ್ಟೆ. ಅದು ಕಾಯುವ ಮನೆ. ಯುದ್ಧಕ್ಕೆ ಹೋದ ಗಂಡಂದಿರಿಗೆ, ಮಕ್ಕಳಿಗೆ ಊರ ಹೆಂಗಸರು ಅಲ್ಲಿ ಕೂತು ಕಾಯುತ್ತಿದ್ದರು. ಹೋದವನ ಹೆಸರು ಬರೆದ ಚೀಟಿಯನ್ನು ಉದ್ದ ಕೋಲಿನ ಕುಂಚದಿಂದ ತೊಲೆಗೆ ಅಂಟಿಸುತ್ತಿದ್ದರು. ಅಮ್ಮ ದೊಡ್ಡಣ್ಣ ಕೊಹೆಯ್ ಹೆಸರು ಅಂಟಿಸುವಾಗ ಅಂಟಿನ ಬಟ್ಟಲು ಹಿಡಿದಿದ್ದವಳು ನಾನು. ಅವನ ಹಡಗು ದಕ್ಷಿಣ ಸಮುದ್ರಕ್ಕೆ ಹೋಗಿತ್ತು. ನಿನಗೆ ಅವನ ಮುಖವೂ ನೆನಪಿರಲಾರದು.

ಯುದ್ಧ ಮುಗಿಯಿತು. ಕೆಲವರು ಬಂದರು, ಕೊಹೆಯ್ ಬರಲಿಲ್ಲ. ಬಂದವರಿಗೆ ನಾಟಕ ಬೇಕಾಗಿತ್ತು. ರಂಗಕ್ಕೆ ಮರ ಎಲ್ಲಿತ್ತು ಆಗ? ಅಪ್ಪ ಗುಡಿಯ ಮುಂದೆ ನಿಂತು ಹೇಳಿದ ಮಾತು ನನ್ನ ಕಿವಿಯಲ್ಲಿದೆ. "ಬರೋರು ಬಂದಾಯ್ತು. ಇನ್ನು ಯಾರನ್ನ ಕಾಯ್ತೀರಿ? ಸಾಕು ಅಳು. ಊರಿಗೆ ಸ್ವಲ್ಪ ನಗು ಬೇಡವಾ?" ಅಮ್ಮ ಬಾಗಿಲಿಗೆ ಅಡ್ಡ ಕೂತಳು. ಅವಳನ್ನು ಎತ್ತಿ ಪಕ್ಕಕ್ಕೆ ಕೂರಿಸಿದವರು, ನಾವು ಯಾರಿಗಾಗಿ ಕಾದಿದ್ದೆವೋ ಅವರೇ. ಮೂರು ಕಡೆಯ ಗೋಡೆಗಳನ್ನು ಹಾಗೇ ಬಿಟ್ಟು, ಮುಂದಿನದನ್ನು ಒಡೆದು, ನೆಲ ಎತ್ತರಿಸಿ, ಎರಡು ಪಕ್ಕ ಸೇರಿಸಿದರು. ಅದೇ ನಿನ್ನ ರಂಗ. ನಿನಗೆ ದಡಾರವೆಂದು ಆ ಚಳಿಗಾಲ ದೊಡ್ಡಮ್ಮನ ಮನೆಯಲ್ಲಿ ಬಿಟ್ಟಿದ್ದರು. ನೀನು ಬರುವಾಗ ರಂಗ ಸಿದ್ಧವಿತ್ತು. ದೊಡ್ಡ ಗುಡಿಯವರು ಕೇಳಿದರೆ ಗುಡ್ಡ ಕುಸಿಯಿತು ಎನ್ನಬೇಕೆಂದು ಗಂಡಸರು ತೀರ್ಮಾನಿಸಿದರು. ವಿಗ್ರಹವನ್ನು ಅಮ್ಮನೂ ತೊಮೆಯೂ ಹೊತ್ತು ಹೊಳೆ ದಾಟಿಸಿದರು. ಇಪ್ಪತ್ತೊಂದರಲ್ಲಿ ಎರಡು ತಾಯಂದಿರು ಯಾಕೆ ಅಂತ ನೀನು ತಮಾಷೆ ಮಾಡಿದೆ, ಕೇಳಲಿಲ್ಲ.

ಅಮ್ಮ ಬಯಲಿನ ಕೊನೆಯಲ್ಲಿ ನಿಂತು ಕೈಮುಗಿದದ್ದು ನಿನಗಲ್ಲ. ಅವಳ ತುಟಿಯಲ್ಲಿ ಇದ್ದದ್ದು ನಿನ್ನ ಮಾತೂ ಅಲ್ಲ, ಆ ನಾಲ್ಕು ಸಾಲು. ನಾಟಕದ ದಿನ ಮಾತ್ರ ರಂಗದ ಕದ ತೆಗೆಯುತ್ತಿದ್ದರು. ತೊಲೆ ಕಾಣುತ್ತಿದ್ದದ್ದು ಆಗ ಮಾತ್ರ. ಅವಳ ಸುತ್ತು ಯಾವತ್ತೂ ಅರ್ಧಕ್ಕೆ ನಿಂತಿರಲಿಲ್ಲ. ಪ್ರತಿ ವರ್ಷ ಅಲ್ಲಿ ಮುಗಿಸುತ್ತಿದ್ದಳು. ನೀನು ನಡುವೆ ಅಡ್ಡ ಬರುತ್ತಿದ್ದೆ ಅಷ್ಟೆ.

ಒಂದು ಸಲ ನಾನು ಕೋಪಗೊಂಡು ನಿನಗೆ ಹೇಳುತ್ತೇನೆ ಎಂದೆ. ಅಮ್ಮ ನನ್ನ ಬಾಯಿ ಮುಚ್ಚಿದಳು. "ಬೇಡ ಕಣೆ. ಅವನು ನಾನು ಅವನನ್ನ ನೋಡ್ತಿದೀನಿ ಅಂದ್ಕೊಂಡಿದಾನೆ. ಅಂದ್ಕೊಳ್ಳಲಿ." ಅದಕ್ಕೇ ಇಷ್ಟು ವರ್ಷ ಹೇಳಲಿಲ್ಲ.

ಆಗಸ್ಟಿನಲ್ಲಿ ಹೇಳಬಹುದಾಗಿತ್ತು. ಇಲ್ಲಿ ಫೋನಿದೆ. ಹೊನಾಮಿ ಎರಡು ಸಲ ಕೇಳಿದಳು, "ಅಜ್ಜಿ, ತಮ್ಮನಿಗೆ ಹಚ್ಚಿ ಕೊಡಲಾ?" ಬೇಡ ಎಂದೆ. ಅಮ್ಮನಿಗೆ ಕೊಟ್ಟ ಮಾತು ಎಂದು ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ನಿನ್ನ ರಂಗವನ್ನು ತಾಯಿಗೆ ಒಪ್ಪಿಸಿದ್ದೇನೆ ಎಂದು ಬರೆದಿದ್ದೆಯಲ್ಲ. ಓದಿ ನನಗೆ ಸಿಟ್ಟು ಬಂತು. ಅಪ್ಪ ಕೆಡವಿದ್ದನ್ನು ಮಗನೂ ಕೆಡವಲಿ, ಆಮೇಲೆ ತಿಳಿಯಲಿ ಅನ್ನಿಸಿತು. ಹದಿಮೂರು ವರ್ಷದ ಹುಡುಗಿಗೆ ಹೇಗಾಗಿತ್ತು ಅಂತ ಒಬ್ಬ ಗಂಡಸಿಗಾದರೂ ಗೊತ್ತಾಗಲಿ ಅಂತ.

ಈಗ ಗೊತ್ತಾಯಿತು. ನನಗೇನೂ ಹಗುರವಾಗಲಿಲ್ಲ.

ಹದಿನೆಂಟಕ್ಕೆ ಹುಡುಗರನ್ನು ಕಳಿಸಬೇಡ. ಬಂದು ನೋಡುವುದು ಏನಿದೆ?

ಕಿನು

*

ತೊಚಿದಾನಿ
ಅಕ್ಟೋಬರ್ 17, 2014

ಅಕ್ಕಾ,

ಈ ಪತ್ರವನ್ನು ಸಭೆಯಲ್ಲಿ ಓದಿಸಬೇಡ.

ನಿನ್ನ ಪತ್ರ ಬಂದ ದಿನ ಅದನ್ನು ಮಡಿಸಿ ಅಕ್ಕಿ ಡಬ್ಬದ ಕೆಳಗೆ ಇಟ್ಟೆ. ಮುಪ್ಪಿನ ಹೆಂಗಸು, ಮತಿ ಕೆಟ್ಟಿದೆ, ಯಾವುದೋ ಕನಸನ್ನು ನಿಜವೆಂದುಕೊಂಡಿದ್ದಾಳೆ ಎಂದು ಹೇಳಿಕೊಂಡೆ. ಭಾಷಣ ಬಾಯಿಪಾಠ ಮಾಡಿದೆ. ಕನ್ನಡಿಯ ಮುಂದೆ ಮಾಡಿದೆ. "ನನ್ನ ತಾಯಿಯ ಮುಗಿಯದ ಸುತ್ತು" ಎಂಬಲ್ಲಿ ಪ್ರತಿ ಸಲ ಸಾಲು ತಪ್ಪುತ್ತಿತ್ತು. ಬಾಯಿಪಾಠವಾದ ಮೇಲೆ ಹಾಗೆ ತಪ್ಪಬಾರದು.

ಮೊನ್ನೆ ತೊಮೆ ಅಜ್ಜಿಯ ಮನೆಗೆ ಹೋದೆ. ಉಪ್ಪಿನಕಾಯಿ ಒಯ್ಯಲಿಲ್ಲ.

"ಅಜ್ಜಿ, ವಿಗ್ರಹ ಹೊತ್ತಿದ್ದು ನೀವಾ?"

ಅವಳು ಬೆಂಕಿ ಕೆದಕಿದಳು. "ತಲೆ ಕಡೆ ನಾನು, ಕಾಲ ಕಡೆ ನಿಮ್ಮಮ್ಮ. ಹೊಳೇಲಿ ಜಾರಿದ್ವಿ. ನಿಮ್ಮಮ್ಮ ನೀರಲ್ಲಿ ಕೂತು ನಕ್ಕುಬಿಟ್ಲು. 'ತಾಯಿಗೂ ಊರು ಬಿಟ್ಟು ಹೋಗೋಕೆ ಮನಸ್ಸಿಲ್ಲ ನೋಡೆ' ಅಂದ್ಲು."

"ಏಪ್ರಿಲ್‌ನಲ್ಲಿ ಕೇಳಿದಾಗ ಯಾಕೆ ಹೇಳಲಿಲ್ಲ?"

"ನೀನು ಕೇಳಿದ್ದು ಗುಡಿ ಎಲ್ಲಿತ್ತು ಅಂತ. ನಾನು ಹೇಳಿದ್ರೆ ನಂಬ್ತಿದ್ಯಾ? ಇದ್ದಿಲು ಗೂಡು ಅಂದಾಗ ನಂಬಿದ್ಯಾ?"

ಅಲ್ಲಿಂದ ಹೊಳೆ ದಾಟಿ ಇಪ್ಪತ್ತೊಂದರ ಬಾಗಿಲು ತೆಗೆಸಿದೆ. ಎಡಗಡೆಯ ತಾಯಿಯ ಪೀಠ ಬೇರೆ ಮರದ್ದು. ಒಂದು ಮೂಲೆ ನೀರು ಕುಡಿದು ಕಪ್ಪಾಗಿದೆ. ಮೂರು ವರ್ಷ ಆ ಮೂಲೆಯ ಮೇಲೆಯೇ ನಾನು ಟಾರ್ಚು ಇಡುತ್ತಿದ್ದೆ.

ನಿನ್ನೆ ಎಕಾನ್ ಗುರುಗಳಿಗೆ ಎಲ್ಲ ಹೇಳಿದೆ. ಅವರು ಕೇಳಿದರು, ಬಣ್ಣಗೆಟ್ಟರು, ಆಮೇಲೆ ಚಹಾ ಬಗ್ಗಿಸಿದರು.

"ಅಜ್ಜ, ಎಲ್ಲಾ ಅಚ್ಚಾಗಿದೆ. ಬಸ್ಸಿನವರು ದುಡ್ಡು ಕಟ್ಟಿದಾರೆ. ಬಂದೋರು ಪೈನ್ ಮರದ ಹತ್ರ ಕೈಮುಗಿದ್ರೂ ತಾಯಿಗೆ ತಲುಪಲ್ವಾ?"

"ತಲುಪುತ್ತೆ ಗುರುಗಳೇ. ಆದ್ರೆ ಅವರು ಬಸ್ಸಿಳಿದು ಮೊದಲು ಕಾಲಿಡೋದು ಎಲ್ಲಿ ಗೊತ್ತಾ? ತಾಯಿ ಕೂತಿದ್ದ ಜಾಗದಲ್ಲಿ. ಅಲ್ಲೇ ನಿಂತು ಶೌಚಾಲಯ ಎಲ್ಲಿ ಅಂತ ಕೇಳ್ತಾರೆ."

"ಈ ಸಲಕ್ಕೆ ಇರಲಿ ಅಜ್ಜ. ಮುಂದಿನ ಬಾಗಿಲು ತೆರೆಯೋ ಹೊತ್ತಿಗೆ ಸರಿ ಮಾಡೋಣ."

ಮುಂದಿನದು ಮೂವತ್ತಮೂರು ವರ್ಷಕ್ಕೆ. ಅವರು ಅದನ್ನು ಲೆಕ್ಕ ಹಾಕಿ ಹೇಳಿರಲಾರರು. ನಾನೂ ಎತ್ತಿ ಆಡಲಿಲ್ಲ. ನಮ್ಮೂರಿನಲ್ಲಿ ಒಂದು ಸುಳ್ಳು ಹೇಗೆ ಗುಡ್ಡವಾಗಿ ಕುಸಿಯುತ್ತದೆ, ಮರವಾಗಿ ಬೆಳೆಯುತ್ತದೆ ಎಂಬುದನ್ನು ಕಣ್ಣೆದುರು ನೋಡಿದೆ. ಅದನ್ನು ನೆಟ್ಟವನು ನಾನು. ಯಾರನ್ನು ಬೈಯಲಿ?

ಇವತ್ತು ಉಸುಯಿಯನ್ನು ಹಿಡಿದು ಕೇಳಿದೆ, ಮರ ಎಲ್ಲಿ ಹಾಕಿದೆ ಎಂದು. ಕೆಳಗಿನ ಪಟ್ಟಣದ ಮರದ ಗಿರಣಿಗೆ ಕೊಟ್ಟನಂತೆ. ಅಲ್ಲಿ ಹಳೆಯ ಮರವನ್ನು ಚಕ್ಕೆ ಮಾಡಿ ವಿದ್ಯುತ್ತಿಗೆ ಉರಿಸಲು ಕಳಿಸುತ್ತಾರೆ. ಬಸ್ಸು ಹಿಡಿದು ಹೋದೆ. ಮೇಸ್ತ್ರಿ ಒಳ್ಳೆಯವನು, ಕೂರಲು ಪೆಟ್ಟಿಗೆ ಕೊಟ್ಟ.

"ತೊಚಿದಾನಿ ಮರಾನಾ? ಅರ್ಧ ಹೋದ ವಾರವೇ ಹೋಯ್ತು ಅಜ್ಜ. ಕಂಬ ಎಲ್ಲಾ ಹೋಯ್ತು. ಆ ಮೂಲೇಲಿ ತೊಲೆಗಳು ಉಳಿದಿವೆ. ಮೊಳೆ ಜಾಸ್ತಿ ಅಂತ ಕೊನೆಗೆ ಇಟ್ಟಿದ್ವಿ. ನಾಳೆ ಹಾಕ್ತೀವಿ."

"ಅದನ್ನ ನಾನು ತಗೊಂಡು ಹೋಗ್ಬಹುದಾ?"

"ಇವತ್ತು ಯಜಮಾನ್ರಿಲ್ಲ. ನನ್ನ ಕೈಲಿಲ್ಲ. ಬೆಳಿಗ್ಗೆ ಎಂಟಕ್ಕೆ ಗೇಟು ತೆಗೆಯುತ್ತೆ, ಯಂತ್ರನೂ ಆಗಲೇ ಶುರು. ಅದಕ್ಕೆ ಮುಂಚೆ ಬಂದು ಅವರನ್ನೇ ಕೇಳಿ."

ತೊಲೆಗಳನ್ನು ನೋಡಿದೆ. ಬಿಸಿಲು ಓರೆಯಾಗಿ ಬೀಳುತ್ತಿತ್ತು. ಸುತ್ತಲಿನ ಮರ ಸವೆದು, ಮಸಿ ಇದ್ದ ಕಡೆ ಮಾತ್ರ ಉಳಿದು, ಹೆಸರುಗಳು ಬೆರಳಿಗೆ ತಾಗುವಂತೆ ಎದ್ದು ನಿಂತಿದ್ದವು. ನಾನು ಒಂದೊಂದನ್ನೇ ಸವರಿದೆ. ನನ್ನ ಅಭಿಮಾನಿಗಳು ಎಂದು ನಕ್ಕಿದ್ದೆನಲ್ಲ, ಅವರು. ನಾನು ಹುಟ್ಟುವ ಮೊದಲೋ, ಮಾತು ಕಲಿಯುವ ಮೊದಲೋ ಊರು ಬಿಟ್ಟು ಹೋದ ಹುಡುಗರು. ಕೊಹೆಯ್ ಹೆಸರು ಹುಡುಕಿದೆ. ಕೆಳಗಿನ ತೊಲೆಯ ಮಗ್ಗುಲು ನೆಲಕ್ಕೆ ಒತ್ತಿತ್ತು, ನನ್ನೊಬ್ಬನಿಂದ ಮಗುಚಲಾಗಲಿಲ್ಲ. ಇದೆಯೋ, ಚಕ್ಕೆಯಾಗಿ ಹೋಯಿತೋ ತಿಳಿಯದು.

ನೀನು ಬೇಕೆಂದೇ ತಡ ಮಾಡಿದೆ. ಅದನ್ನು ನಾನು ಕ್ಷಮಿಸಿದ್ದೇನೆ ಎಂದು ಬರೆದರೆ ಅದು ನಾಟಕದ ಮಾತಾಗುತ್ತದೆ. ಕ್ಷಮಿಸಿಲ್ಲ. ನೀನೂ ನಮ್ಮನ್ನು ಕ್ಷಮಿಸಿಲ್ಲ. ಹಾಗೇ ಇರಲಿ. ಅಮ್ಮ ನನ್ನನ್ನು ನೋಡಲೇ ಇಲ್ಲ ಎಂಬುದಕ್ಕಿಂತ, ನಾನು ಹಾಗೆಂದುಕೊಂಡೇ ಇರಲಿ ಎಂದು ಅವಳು ಸುಮ್ಮನಿದ್ದಳಲ್ಲ, ಅದು ಹೆಚ್ಚು ಚುಚ್ಚುತ್ತದೆ. ಯಾರ ಮೇಲೂ ಕೋಪ ಮಾಡಿಕೊಳ್ಳಲು ಜಾಗ ಬಿಡದೆ ಹೋದಳು.

ಗುರುಗಳಿಗೆ ಈಗಷ್ಟೇ ಫೋನು ಮಾಡಿದೆ, ಭಾಷಣಕ್ಕೆ ಬೇರೆಯವರನ್ನು ನೋಡಿಕೊಳ್ಳಿ ಎಂದು. "ಟೀವಿಯವರು ಬರ್ತಿದಾರೆ ಅಜ್ಜ, ನಾನೇನ್ ಹೇಳ್ಲಿ?" ಎಂದರು. "ನಿಜ ಹೇಳಿ. ಆಗದಿದ್ರೆ ಹೊಟ್ಟೆನೋವು ಅಂತ ಹೇಳಿ" ಎಂದೆ. ಹೊಟ್ಟೆನೋವು ಎಂದೇ ಹೇಳುತ್ತಾರೆ.

ಉಸುಯಿ ತನ್ನ ಸಣ್ಣ ಲಾರಿ ಕೊಡಲು ಒಪ್ಪಿದ. ಓಡಿಸಲು ಅವನು ಜೊತೆಗೆ ಬರಲಾರ, ಬಸ್ಸುಗಳಿಗೆ ದಾರಿ ತೋರಿಸುವ ಕೆಲಸವಿದೆ. ನಾನೇ ಓಡಿಸಬೇಕು, ಕಣ್ಣು ಮಂಜಾದರೂ. ನಾಳೆ ಬೆಳಗ್ಗೆ, ಅವರೆಲ್ಲ ಪೈನ್ ಮರದ ಕಡೆ ಏರು ಹತ್ತುವುದಕ್ಕೆ ಬಹಳ ಮುಂಚೆ, ನಾನು ಗಿರಣಿಯ ಗೇಟಿನ ಮುಂದೆ ಲಾರಿ ಅಡ್ಡ ನಿಲ್ಲಿಸಿರುತ್ತೇನೆ. ಯಜಮಾನ ಬಂದರೆ ಬೇಡಿಕೊಳ್ಳುತ್ತೇನೆ. ಕೊಡದಿದ್ದರೆ ತೊಲೆಯ ಮೇಲೆ ಕೂತುಕೊಳ್ಳುತ್ತೇನೆ, ಎತ್ತಿ ಪಕ್ಕಕ್ಕೆ ಕೂರಿಸುವ ತನಕ.

ಸೆಯ್ಜಿರೊ